ಬರಿಗೈ ತೋರಿಸಿ ಹೋಗು

ಜಪಾನ್
6 ಏಪ್ರಿಲ್ 2024

ಪ್ರೀತಿಯ ದ್ರಾಕ್ಷಾಯಿಣಿ ವೈನಿಗೆ ಋತುಜಾಳ ನಮಸ್ಕಾರ.

‘ಉಭಯ ಕುಶಲೋಪರಿ’ ಎಂದು ಬರೆದರೆ ನಗುತ್ತೀರಿ, ಬರೆಯದಿದ್ದರೆ ಸಾಲಿ ಬಾಯಾರಾಗಿ ಕೆಂಪು ಗೆರೆ ಎಳೆಯುತ್ತೀರಿ. ಏನು ಬೇಕಾದರೂ ಮಾಡಿ. ಫೋನಿದ್ದೂ ಪತ್ರ ಯಾಕೆ ಬರೆಯುತ್ತೀ ಎಂದು ಇಲ್ಲಿನ ಗೆಳತಿಯರು ಕೇಳುತ್ತಾರೆ. ನಮ್ಮವ್ವ ಫೋನನ್ನು ಲೌಡ್‌ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲೆ ಕೂಡುವುದು ಅವರಿಗೇನು ಗೊತ್ತು? ನಾನು ಇಲ್ಲಿ ಕೆಮ್ಮಿದರೆ ಕೆಲಗೇರಿಯ ಓಣಿಯೆಲ್ಲ ಕಷಾಯ ಹೇಳುತ್ತದೆ. ನಿಮ್ಮ ಒಡಲಿನ ಸಂಕಟವನ್ನು ಆ ಫೋನಿನಲ್ಲಿ ಆಡುವುದು ನನಗೆ ಬೇಡ.

ಈ ಪತ್ರದ ಜೊತೆ ಒಂದು ಕೆಂಪು ಬಟ್ಟೆ ಇದೆ. ಜೋಪಾನ. ಅದರ ಕಥೆ ಇದು.

ನಾನು ಕೆಲಸ ಮಾಡುವ ವೃದ್ಧರ ಆರೈಕೆ ಮನೆಯವರು ಮುದುಕರನ್ನೆಲ್ಲ ಹೂವು ನೋಡಲು ಊರ ಹೊರಗಿನ ಗುಡ್ಡದ ಗುಡಿಗೆ ಕರೆದುಕೊಂಡು ಹೋದರು. ಗುಡಿಯ ಹೆಸರು ಬರೆದರೂ ನಿಮ್ಮ ನಾಲಿಗೆ ಹೊರಳುವುದಿಲ್ಲ, ಬಿಡಿ. ಕಿಯೋ ಅಜ್ಜಿಯ ಗಾಲಿಕುರ್ಚಿ ನೂಕುವ ಪಾಳಿ ನನ್ನದು. ಬಹಳ ಹಳೆಯ ಗುಡಿ, ಕಂಬಗಳೆಲ್ಲ ಹೊಗೆ ಹತ್ತಿದ ಹಾಗೆ ಕಪ್ಪು. ಹಿಂದೆ ಎದುರು ಗುಡ್ಡದ ಮೇಲೆ ಕೋಟೆ ಇತ್ತಂತೆ. ಶತ್ರುಗಳು ಅದಕ್ಕೆ ಬೆಂಕಿ ಇಟ್ಟ ದಿನ ಒಬ್ಬ ಸಮುರಾಯಿ ಕೆಳಗಿನ ಸೇತುವೆಯ ಮೇಲೆ ಒಬ್ಬನೇ ನಿಂತು ಕಾದಾಡಿ, ನಿಂತಲ್ಲೇ ಸತ್ತನಂತೆ. ನಿಮ್ಮ ತವರು ಗರಗದ ದಾರಿಯ ವೀರಗಲ್ಲು ನೆನಪಾಯಿತು, ದನಗಳಿಗಾಗಿ ಕಾದಾಡಿ ಸತ್ತವನದು. ಇಲ್ಲಿ ಕಲ್ಲಿಲ್ಲ, ಅವನ ಕತ್ತಿ ಮತ್ತು ಕವಚ ಗಾಜಿನ ಪೆಟ್ಟಿಗೆಯಲ್ಲಿವೆ. ಶಿರಸ್ತ್ರಾಣದ ಕೆಳಗೆ ಕಬ್ಬಿಣದ ಮುಖ, ಒಳಗೆ ಯಾರೂ ಇಲ್ಲ. ಆದರೂ ವೈನಿ, ನಾನು ಆ ಕಡೆ ಸರಿದರೆ ಆ ಕಡೆ, ಈ ಕಡೆ ಸರಿದರೆ ಈ ಕಡೆ ನೋಡಿದಂತಾಯಿತು. ಲಗೂನ ಹೊರಗೆ ಬಂದೆ.

ಗುಡಿಯ ಹಿಂದೆ ಪಾಚಿಗಟ್ಟಿದ ಒಂದು ಕಲ್ಲು. ಕೂತ ಹೆಣ್ಣುಮಗಳ ಆಕಾರ. ಕೊರಳ ತುಂಬ ಕೂಸುಗಳ ಜೊಲ್ಲಿನ ಅರಿವೆಯಂಥ ಕೆಂಪು ಬಟ್ಟೆಗಳು. ಕಾಲ ಹತ್ತಿರ ಗಿಲಕಿ, ಸಣ್ಣ ಚಪ್ಪಲಿ, ಗಾಳಿಗೆ ತಿರುಗುವ ಕಾಗದದ ಚಕ್ರ. ಇವಳು ಆ ಸಮುರಾಯಿಯ ಹೆಂಡತಿ ಎಂದು ಗುಡಿಯವರು ಹೇಳಿದರು. ಮುಂದಿನ ಮಾತು ನನಗೆ ತಿಳಿಯಲಿಲ್ಲ, ತಿಳಿಯುವುದೇನು ಬೇಕು? ಇಷ್ಟು ಆಟಿಗೆ ಇಟ್ಟಿದ್ದಾರೆ ಎಂದ ಮೇಲೆ ಮಕ್ಕಳ ಫಲ ಕೊಡುವ ತಾಯಿಯೇ.

ಮುಂದಿನ ರಜೆಯ ದಿನ ಅಜ್ಜಿಯನ್ನು ಕರೆದುಕೊಂಡು ಮತ್ತೆ ಹೋದೆ. ಅವ್ವ ಕಟ್ಟಿಕೊಟ್ಟ ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಒಂದು ಪಾವು ಅಕ್ಕಿ, ಹೊರಡುವ ದಿನ ನೀವು ಕೊಟ್ಟ ಹಸಿರು ಕುಬಸದ ಖಣ, ಎಲ್ಲ ಒಯ್ದೆ. ನಿಮ್ಮ ಹೆಸರು ಹೇಳಿ ಆ ತಾಯಿಗೆ ಉಡಿ ತುಂಬಿದೆ. ನಮ್ಮಣ್ಣನ ಹೆಂಡತಿ, ನನ್ನ ವೈನಿಯ ಮಡಿಲು ಈ ಸಲ ಉಳಿಸಿಕೊಡವ್ವ, ಒಂದು ಸಲ ನಮ್ಮ ಮನಿಗೆ ಬಾರವ್ವ ಅಂದೆ. ಪ್ರಸಾದ ಕೊಡಲು ಪೂಜಾರಿ ಇರಲಿಲ್ಲ. ಉಡಿ ತುಂಬಿ ಬರಿಗೈಲೆ ಬರಬಾರದಲ್ಲ? ಅವಳ ಕೊರಳಿನ ಒಂದು ಕೆಂಪು ಬಟ್ಟೆ ನಾನೇ ಬಿಚ್ಚಿಕೊಂಡೆ.

ಹೊರಬರುವಾಗ ಬಾಗಿಲಲ್ಲಿ ಎಲ್ಲರೂ ಹಿಂದಿರುಗಿ ಎರಡೂ ಅಂಗೈ ಅಗಲಿಸಿ ಆ ಕಲ್ಲಿನ ಕಡೆ ತೋರಿಸುತ್ತಾರೆ, ನಾವು ತೀರ್ಥಕ್ಕೆ ಒಡ್ಡಿದ ಹಾಗೆ. ನಾನೂ ತೋರಿಸಿದೆ. ಕಿಯೋ ಅಜ್ಜಿ ನನ್ನ ಅಂಗೈ ನೋಡಿ, ಹೆಗಲ ಚೀಲ ನೋಡಿ, ಏನೋ ಗೊಣಗಿದಳು. ಹೌದಜ್ಜಿ ಅಂದೆ.

ಬಟ್ಟೆಯನ್ನು ದೇವರ ಜಗಲಿಯಲ್ಲಿಡಿ. ಅಣ್ಣನಿಗೆ ಹೇಳಿ, ಅವ್ವನಿಗೆ ಬೇಡ.

ನಿಮ್ಮ ಋತು

*

ಕೆಲಗೇರಿ, ಧಾರವಾಡ
2 ಮೇ 2024

ಚಿ. ಋತುಗೆ ಆಶೀರ್ವಾದ.

ಪತ್ರದಲ್ಲಿ ಕೆಂಪು ಗೆರೆ ಎಳೆಯುವ ತಪ್ಪು ಒಂದೂ ಸಿಗಲಿಲ್ಲ. ಓದುತ್ತ ಅತ್ತೆ, ಅದನ್ನು ತಪ್ಪು ಎನ್ನುವುದಾದರೆ ಅದು ನನ್ನದು. ಗಂಡನ ತಂಗಿ ಇಷ್ಟು ದೂರ ಹೋಗಿ, ಗುರುತಿಲ್ಲದ ದೇವಿಗೆ ನನ್ನ ಹೆಸರಿನಲ್ಲಿ ಉಡಿ ತುಂಬುತ್ತಾಳೆ. ಇಲ್ಲಿ ನಮ್ಮ ಬಂಧುಗಳು ನನ್ನನ್ನು ಕಂಡರೆ ತೊಟ್ಟಿಲ ಕಾರ್ಯದ ಮನೆಯ ಬಾಗಿಲು ಅರ್ಧ ಮುಚ್ಚುತ್ತಾರೆ.

ನಿನ್ನ ಪ್ರಸಾದ ಮುಟ್ಟಿತು. ಆದರೆ ಕವರೆಲ್ಲ ಹಸಿ. ಅಂಚೆಯವರು ಎಲ್ಲೋ ನೀರಿಗೆ ಹಾಕಿದ್ದಾರೆ ಎಂದುಕೊಂಡೆ. ಅಕ್ಷರ ಮಾತ್ರ ಒಂದೂ ಹರಡಿಲ್ಲ, ಅದೊಂದು ಸೋಜಿಗ. ಬಟ್ಟೆಯನ್ನು ಅಂಗಳದ ತಂತಿಗೆ ಹಾಕಿದೆ. ಈ ಸಲದ ಬಿಸಿಲು ನಿನಗೆ ಹೇಳಬೇಕೆ, ಹಪ್ಪಳ ಹಾಕಿ ಒಳಗೆ ಬರುವಷ್ಟರಲ್ಲಿ ಒಣಗುತ್ತವೆ. ಸಂಜೆಗೆ ನೋಡಿದರೆ ನಿನ್ನ ಬಟ್ಟೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಇಸ್ತ್ರಿ ಹಾಕಿದೆ. ಹೊಗೆ ಬಂತು, ಸುಟ್ಟ ಕಟ್ಟಿಗೆಯ ವಾಸನೆ ಬಂತು, ಬಟ್ಟೆ ಒಣಗಲಿಲ್ಲ. ನಿಮ್ಮಣ್ಣ ವಿನೋದ ಅವರು ಇಲ್ಲೇ ಬೇಲೂರು ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯಿಂದ ಪಾಳಿ ಮುಗಿಸಿ ಬಂದು ಕೈಯಲ್ಲಿ ಹಿಡಿದು ನೋಡಿ, “ಜಪಾನದ ಮಾಲ್ ನೋಡು, ಗ್ಯಾರಂಟಿ ಮುಗಿಯೂತನಕಾ ಹಸೀನ ಇರ್ತೈತಿ” ಎಂದು ನಕ್ಕರು.

ಜಗಲಿಯಲ್ಲಿ ತಟ್ಟೆಯ ಮೇಲೆ ಇಟ್ಟಿದ್ದೇನೆ. ದಿನಾ ತಟ್ಟೆಯ ನೀರು ಚೆಲ್ಲಿ ಕೈ ಮುಗಿಯುತ್ತೇನೆ. ಹಸಿ ಬಟ್ಟೆಯ ದೇವರೆಂದರೂ ಸರಿ, ನನಗೆ ಕೊಡುವ ದೇವರು ಬೇಕು.

ನಿನ್ನ ವೈನಿ

*

ಜಪಾನ್
11 ಜುಲೈ 2024

ವೈನಿ,

ಅಣ್ಣನ ಮಾತಿಗೆ ಹೊಟ್ಟೆ ಹಿಡಿದು ನಕ್ಕೆ. ಪ್ಲಾಸ್ಟಿಕ್ಕಿನ ನೂಲಿರಬೇಕು, ನೀರು ಹಿಡಿಯುತ್ತದೆ.

ಮೊನ್ನೆ ಕಿಯೋ ಅಜ್ಜಿ ಹಟ ಹಿಡಿದು ಗುಡಿಗೆ ಕರೆದೊಯ್ದಳು. ಈ ಅಜ್ಜಿಗೆ ತನ್ನ ಮಗನ ಹೆಸರು ನೆನಪಿಲ್ಲ, ಆದರೆ ಗುಡಿಯ ಮೂಲೆಮೂಲೆ ಗೊತ್ತು. ಕಲ್ಲಿನ ಮುಂದೆ ಒಂದು ಮೆಟ್ಟಿಲಿದೆ. ವರ್ಷವಿಡೀ ಅದು ಹಸಿ ಇರುತ್ತದಂತೆ, ಅದಕ್ಕೇ ಅಷ್ಟು ಪಾಚಿ. ಈ ಸಲ ಪಾಚಿ ಒಣಗಿ ಹುಡಿಯಾಗಿತ್ತು. ಅಜ್ಜಿ ಬಗ್ಗಿ ಮೆಟ್ಟಿಲು ಮುಟ್ಟಿದಳು. ಕಲ್ಲನ್ನು ನೋಡಿದಳು. ಆಮೇಲೆ ಪಕ್ಕದ ಮನೆಯಾಕೆಯನ್ನು ವಿಚಾರಿಸಿದ ಹಾಗೆ ನನ್ನನ್ನು ಕೇಳಿದಳು. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ, “ಎಲ್ಲಿ ಹ್ವಾದ್ಳವಾ ಆಕಿ?”

“ಯಾರಜ್ಜಿ?” ಅಂದೆ. ಅಜ್ಜಿ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸು ಎಂದು ಕೈ ಮಾಡಿದಳು. ಹೊರಬರುವಾಗ ಅಂಗೈ ತೋರಿಸಲಿಲ್ಲ. ಯಾರಿಗೆ ತೋರಿಸಲಿ ಎಂಬಂತೆ ಕೈಗಳನ್ನು ತೊಡೆಯ ಮೇಲೆ ಮಡಚಿಕೊಂಡು ಕೂತಿದ್ದಳು. ಬೇಸಿಗೆ ಇಲ್ಲಿಯೂ ಕಡು ಆಗಿದೆ, ಮೆಟ್ಟಿಲು ಒಣಗದೆ ಏನು ಮಾಡೀತು?

ನಿಮ್ಮ ಆರೋಗ್ಯ ಹೇಗಿದೆ? ಬಹಳ ದಿನವಾಯಿತು, ನೀವು ಬರೆದೇ ಇಲ್ಲ.

ಋತು

*

ಕೆಲಗೇರಿ
5 ಸೆಪ್ಟೆಂಬರ್ 2024

ಚಿ. ಋತುಗೆ,

ಈ ಪತ್ರವನ್ನು ಕೂತು ಓದು. ಮೂರು ತಿಂಗಳಾಗಿವೆ. ಪ್ರತಿ ಸಲ ಎರಡಕ್ಕೇ ಕೈ ಬಿಡುತ್ತಿದ್ದದ್ದು ಈ ಸಲ ಹಿಡಿದುಕೊಂಡಿದೆ. ಡಾಕ್ಟರು ಎದೆಬಡಿತ ಕೇಳಿಸಿದರು. ಕುದುರೆ ಓಡಿದ ಹಾಗಿತ್ತು. ನಿಮ್ಮಣ್ಣ ಅಲ್ಲೇ ಕುರ್ಚಿಯ ಮೇಲೆ ಅತ್ತುಬಿಟ್ಟರು. ಬರೆದಿರಲಿಲ್ಲ ಎಂದು ಸಿಟ್ಟಾಗಬೇಡ, ಬರೆದರೆ ದೃಷ್ಟಿಯಾದೀತು ಎಂಬ ಅಂಜಿಕೆ ಇತ್ತು. ಎಷ್ಟು ಓದಿದರೂ ನಾನು ಗರಗದ ರುಕ್ಮವ್ವನ ಮಗಳೇ.

ಒಂದು ತಮಾಷೆ. ನಿಮ್ಮವ್ವ ಮೊನ್ನೆ ಸಂಜೆ ಕೇಳಿದರು: “ಯವ್ವಾ, ನಮ್ಮ ಕಟ್ಟಿ ಮ್ಯಾಲ ದಿನಾ ಸಂಜಿಮುಂದ ಒಬ್ಬಾಕಿ ಬಂದು ಕುಂದರ್ತಾಳಲ್ಲ, ಯಾರ ಪೈಕಿ?”

ನಾನು ಯಾರನ್ನೂ ಕಂಡಿಲ್ಲ ಅಂದೆ.

“ಪಾಪ, ತಲಿ ಸುದ್ದೇಕ ಒರಿಸಿಕೊಂಡಿರೂದಿಲ್ಲ, ನೀರ ಸುರೀತಿರ್ತಾವ. ಕೆರ್‍ಯಾಗ ಮಿಂದು ಹಂಗ ಬರ್ತಾಳೋ ಏನೋ. ಮಾತಾಡಿಸಿದ್ರ ಮಾತಿಲ್ಲ. ಚಹಾ ಕೊಟ್ನಿ, ಕುಡೀಲಿಲ್ಲ. ಕಪ್ಪು ತುಂಬಿದ್ದು ತುಂಬಿದಂಗ ಐತಿ, ನೋಡಿದ್ರ ಮ್ಯಾಲ ಬರ್ಫ ಕಟ್ಟೇತಿ!”

ಅತ್ತಿಯ ಕಣ್ಣಿನ ಪೊರೆ ತೆಗೆಸಬೇಕು ಎಂದುಕೊಂಡು ನಾನು ಹೋಳಿಗೆಯ ಹಿಟ್ಟು ನಾದುತ್ತಿದ್ದೆ. ಆಮೇಲೆ ಅವರು ಅಂದರು: “ಎಷ್ಟಂತ ಹೊರಗ ಕುಂದರ್ತಾಳ ಹೆಣ್ಣಮಗಳು? ಒಳಗ ಬಾರವಾ ಅಂದ್ನಿ. ಬಂದ್ಳು.”

“ಈಗೆಲ್ಲಿ ಅದಾಳ?” ಅಂದೆ.

“ಇಲ್ಲೇ ಇರಬೇಕಲ್ಲ” ಎಂದು ನಡುಮನೆಯನ್ನೆಲ್ಲ ಕಣ್ಣಾಡಿಸಿ, “ಹೋದ್ಳೇನ?” ಎಂದು ಜಪದ ಸರ ಹಿಡಿದರು.

ನಗು ಬಂತು. ಅದಾದ ಮೇಲೆ ನಡುಮನೆಯ ಫರಸಿ ಒರೆಸಬೇಕಾಯಿತು, ಕಾಲು ಜಾರುವಷ್ಟು ನೀರಿತ್ತು. ಮಳೆಗಾಲವಲ್ಲವೇ, ನೆಲ ನೀರು ಬಿಡುತ್ತದೆ.

ನಿನ್ನ ವೈನಿ

*

ಜಪಾನ್
30 ಸೆಪ್ಟೆಂಬರ್ 2024

ವೈನಿ,

ನಿಮ್ಮ ಸುದ್ದಿ ಓದಿ ಕುಣಿದೆ. ಪತ್ರದ ಕೊನೆ ಓದಿದವಳೇ ಗುಡಿಗೆ ಓಡಿದೆ. ಅಲ್ಲಿಂದ ಬಂದು ಫೋನು ಹಚ್ಚಿದೆ. ಅವ್ವನೇ ಎತ್ತಿದಳು, ಹಿಂದೆ ಓಣಿಯ ಹೆಂಗಸರ ನಗು. ನೀವು ಬಂದು “ಏನವಾ?” ಅಂದಾಗ “ಆ ಬಟ್ಟಿ ಹೊಳ್ಳಿ ಕಳಸ್ರಿ ವೈನಿ” ಎಂದಷ್ಟೇ ಹೇಳಲಾಯಿತು. ಕಾರಣ ಇಲ್ಲಿ ಬರೆಯುತ್ತೇನೆ.

ಗುಡಿಯ ಅರ್ಚಕರ ಹೆಂಡತಿಯನ್ನು ಹುಡುಕಿಕೊಂಡು ಹೋಗಿ ಆ ಕಲ್ಲಿನ ಕಥೆ ಬಿಡಿಸಿ ಬಿಡಿಸಿ ಹೇಳಿಸಿಕೊಂಡೆ. ಅವಳು ಮಕ್ಕಳ ಫಲ ಕೊಡುವವಳಲ್ಲ. ಸಮುರಾಯಿ ಸೇತುವೆಯ ಕಡೆ ಹೋಗುವ ಮೊದಲು ತನ್ನ ಎಳೆಗೂಸನ್ನು ದಾದಿಯ ಕೈಗೆ ಕೊಟ್ಟು ಗುಡಿಗೆ ಕಳಿಸಿದ್ದನಂತೆ. ಕೋಟೆ ಸುಟ್ಟ ಮೇಲೆ ಹೆಂಡತಿ ಹೇಗೋ ಹೊಳೆ ಈಜಿ, ಒದ್ದೆ ಬಟ್ಟೆಯಲ್ಲೇ ಕೂಸು ಕೇಳುತ್ತ ಬಂದಳು. ಸನ್ಯಾಸಿಗಳಿಗೆ ಶತ್ರುಗಳ ಅಂಜಿಕೆ. ಇಲ್ಲಿ ಯಾವ ಕೂಸೂ ಬಂದಿಲ್ಲ ಅಂದರು. ಅವಳು ಮೆಟ್ಟಿಲ ಮೇಲೆ ಕೂತಳು. ಅವಳ ಕಣ್ಣ ಮುಂದೆಯೇ ಆ ಸನ್ಯಾಸಿಗಳಲ್ಲೊಬ್ಬ ಕೈಯಲ್ಲಿ ಕೆಂಪು ಬಟ್ಟೆಯ ಗಂಟು ಹಿಡಿದು ಬಾಗಿಲು ದಾಟಿ ಹೋದ. ಗಂಟಿನಲ್ಲಿದ್ದದ್ದು ಅವಳ ಕೂಸು. ಗೊತ್ತಾಗುವಷ್ಟರಲ್ಲಿ ಅವನಿಲ್ಲ. ಹಿಮ ಬೀಳುತ್ತಿತ್ತು. ಅವಳು ಅಲ್ಲಿಂದ ಏಳಲಿಲ್ಲ. ಜನ ಇಡುವ ಕೆಂಪು ಬಟ್ಟೆ, ಆಟಿಗೆ ಎಲ್ಲ ಅವಳ ಆ ಕಳೆದ ಕೂಸಿಗಾಗಿ.

ಅದಕ್ಕೇ ವೈನಿ, ಆ ಗುಡಿಯಿಂದ ಯಾರೂ ಏನನ್ನೂ ಒಯ್ಯುವುದಿಲ್ಲ. ಯಾರ ಕೈಯಲ್ಲಾದರೂ ಏನಾದರೂ ಹೊರಗೆ ಹೋದರೆ ತನ್ನ ಕೂಸೇ ಎಂದು ಎದ್ದು ಅದರ ಹಿಂದೆ ಹೋಗುತ್ತಾಳಂತೆ. ಎಲ್ಲರೂ ಅಂಗೈ ತೋರಿಸುವುದು ತೀರ್ಥಕ್ಕಲ್ಲ. ‘ನೋಡವ್ವ, ನಿನ್ನದೇನೂ ನನ್ನ ಕೈಯಲ್ಲಿಲ್ಲ’ ಎಂದು. ನಾನು ಅವಳ ಬಟ್ಟೆಯನ್ನು ಚೀಲದಲ್ಲಿಟ್ಟುಕೊಂಡು ಬರಿಗೈ ತೋರಿಸಿ ಬಂದೆ. ಉಡಿ ತುಂಬಿ ಮನೆಗೂ ಕರೆದೆ. ನನ್ನ ಬುದ್ಧಿಗೆ ಬೆಂಕಿ ಹಚ್ಚಲಿ.

ಅಂಜಿಸಲು ಬರೆಯುತ್ತಿಲ್ಲ. ಆದರೆ ಅವ್ವನಿಗೆ ಕಂಡವಳು ಯಾರು? ಬಟ್ಟೆಯನ್ನು ಈ ಪತ್ರ ಮುಟ್ಟಿದ ದಿನವೇ ಅಂಚೆಗೆ ಹಾಕಿ. ನಿಮ್ಮ ಕಾಲಿಗೆ ಬೀಳುತ್ತೇನೆ.

ಋತು

*

ಕೆಲಗೇರಿ
28 ಅಕ್ಟೋಬರ್ 2024

ಋತುಗೆ,

ಬಟ್ಟೆ ಕಳಿಸಿದ್ದೇನೆ. ರಜಿಸ್ಟರ್ ಮಾಡಿಸಿದ್ದೇನೆ. ನಾನು ಆರಾಮ ಇದ್ದೇನೆ, ಹೊಟ್ಟೆಯ ಕೂಸೂ ಆರಾಮ. ನಿಮ್ಮವ್ವನನ್ನು ಕಣ್ಣಿನ ಡಾಕ್ಟರಿಗೆ ತೋರಿಸಿದೆವು, ಪೊರೆ ಬಂದಿದೆ. ಈ ವಿಷಯವನ್ನು ಫೋನಿನಲ್ಲಿ ಎತ್ತಬೇಡ. ಪತ್ರದಲ್ಲಿಯೂ ಇನ್ನು ಬೇಡ.

ದ್ರಾಕ್ಷಾಯಿಣಿ

*

ಜಪಾನ್
19 ಡಿಸೆಂಬರ್ 2024

ವೈನಿ,

ಪೊಟ್ಟಣ ಬಂತು. ಕವರು ಒಡೆಯುವ ಮೊದಲೇ ಮುಟ್ಟಿ ನೋಡಿದೆ. ಅದು ಒಣಗಿತ್ತು.

ನಾನು ಗರಗಕ್ಕೆ ನಿಮ್ಮ ತವರಿಗೆ ಎಷ್ಟು ಸಲ ಬಂದಿಲ್ಲ? ರುಕ್ಮವ್ವತ್ತಿ ರಾಟಿ ತಿರುಗಿಸುವಾಗ ತೊಡೆಯ ಮೇಲೆ ಮಲಗಿದವಳು ನಾನು. ಗರಗದ ಖಾದಿ ನನ್ನ ಬೆರಳಿಗೆ ಗೊತ್ತಾಗುವುದಿಲ್ಲವೇ? ಕೆಂಪು ಬಣ್ಣ ಹಾಕಿ, ಅಳತೆ ನೋಡಿ ಕತ್ತರಿಸಿ, ನಾಲ್ಕೂ ಅಂಚು ಮಡಚಿ ಹೊಲಿದು ಕಳಿಸಿದ್ದೀರಿ. ಸುಳ್ಳಿನಲ್ಲಿಯೂ ನೀವು ಸಾಲಿ ಬಾಯಾರೇ, ಅಚ್ಚುಕಟ್ಟು.

ಸಿಟ್ಟಿಲ್ಲ ಅಂದರೆ ಅದೂ ಸುಳ್ಳು. ಆದರೂ ಒಯ್ದು ಕಲ್ಲಿನ ಕೊರಳಿಗೆ ಕಟ್ಟಿದೆ. ಅರ್ಚಕರ ಹೆಂಡತಿ ನೋಡುತ್ತ ನಿಂತಿದ್ದಳು. ಎಲ್ಲೆಡೆ ಹಿಮ ಬಿದ್ದಿತ್ತು, ಆ ಮೆಟ್ಟಿಲೊಂದರ ಮೇಲೆ ಬಿದ್ದಿರಲಿಲ್ಲ. “ಇಲ್ಲಿ ಯಾರೂ ಇಲ್ಲ, ಯಾರಿಗೆ ಕಟ್ಟುತ್ತೀ?” ಅಂದಳು. ಆಮೇಲೆ ಹೇಳಿದಳು: ಆ ಬಟ್ಟೆ ಕೂಸು ಹುಟ್ಟುವ ಮೊದಲೇ ತಿರುಗಿ ಬರಬೇಕು. ಹುಟ್ಟಿದ ಮೇಲೆ ಅವಳಿಗೆ ಬಟ್ಟೆ ಬೇಕಾಗುವುದಿಲ್ಲ, ಕೂಸೇ ಸಿಕ್ಕಿರುತ್ತದೆ.

ನನಗೆ 2026ರ ಏಪ್ರಿಲ್ ತನಕ ಊರಿಗೆ ಬರುವಷ್ಟು ರಜೆ ಇಲ್ಲ, ಇಲ್ಲದಿದ್ದರೆ ಈಗಲೇ ಬರುತ್ತಿದ್ದೆ. ಕಿಯೋ ಅಜ್ಜಿ ಹೋದ ವಾರ ತೀರಿಕೊಂಡಳು. ಕೊನೆಯ ತನಕ ಎರಡೂ ಅಂಗೈ ಹಾಸಿಗೆಯ ಮೇಲೆ ಬಿಚ್ಚಿಟ್ಟುಕೊಂಡಿದ್ದಳು.

ವೈನಿ, ಅಣ್ಣನ ಆಣೆ, ಅದನ್ನು ಕಳಿಸಿ.

ಋತು

*

ಜಪಾನ್
3 ಮೇ 2025

ವೈನಿ,

ಉತ್ತರ ಬರಲಿಲ್ಲ. ಗಂಡು ಕೂಸು, ಹನಮೇಶ ಎಂದು ಹೆಸರಿಟ್ಟೆವು ಎಂದು ಫೋನಿನಲ್ಲಿ ಅವ್ವನೇ ಕಿರುಚಿ ಹೇಳಿದಳು. ನಾನು ಇಲ್ಲಿ ಊಟದ ಮನೆಯಲ್ಲಿ ನಿಂತು ಅತ್ತೆ. ಅವನಿಗೆ ನಿಮ್ಮ ಹಣೆ, ಅಣ್ಣನ ಮೂಗು. ಇಷ್ಟು ಸುಖ ಕಂಡ ಮೇಲೆ ನನ್ನ ಅಂಜಿಕೆಯನ್ನು ನುಂಗಿಕೊಂಡಿದ್ದೆ.

ಆದರೆ ನಿನ್ನೆಯ ವಿಡಿಯೋ ಕಾಲ್. ಎಲ್ಲ ಕೂಸುಗಳೂ ಮುಷ್ಟಿ ಕಟ್ಟಿಕೊಂಡು ಮಲಗುತ್ತವೆ, ನಮ್ಮವನು ಯಾಕೆ ಎರಡೂ ಅಂಗೈ ಬಿಚ್ಚಿಕೊಂಡು ಮಲಗುತ್ತಾನೆ? ಇನ್ನೊಂದು. ಅವ್ವ ಫೋನು ಹಿಡಿದಿದ್ದಳು. ನೀವು ಪರದೆಯ ಎಡಕ್ಕೆ ನಿಂತು ನನ್ನ ಜೊತೆ ಮಾತಾಡುತ್ತಿದ್ದಿರಿ. ರುಕ್ಮವ್ವತ್ತಿ ಅಡುಗೆ ಮನೆಯಲ್ಲಿ, ಪಾತ್ರೆಯ ಸದ್ದು ಕೇಳುತ್ತಿತ್ತು. ಅಣ್ಣ ಪಾಳಿಗೆ ಹೋಗಿದ್ದ.

ತೊಟ್ಟಿಲು ತೂಗುತ್ತಿದ್ದವರು ಯಾರು?

ಋತು

*

ಕೆಲಗೇರಿ
2 ಜುಲೈ 2025

ಚಿ. ಋತುಗೆ ಆಶೀರ್ವಾದ.

ನಿನ್ನ ಪ್ರಶ್ನೆಗೆ ಉತ್ತರ ನಿನಗೆ ಗೊತ್ತಿದೆ. ಈಗ ಎಲ್ಲ ಬರೆಯುತ್ತೇನೆ.

ನೀನು ಬಟ್ಟೆ ತಿರುಗಿ ಕಳಿಸು ಎಂದು ಬರೆದ ಪತ್ರ ಕೈಯಲ್ಲಿದ್ದಾಗಲೇ ಹೊಟ್ಟೆಯೊಳಗೆ ಕೂಸು ಮೊದಲ ಸಲ ಮಿಸುಕಿತು. ಅದನ್ನು ನಾನು ಹೇಗೆ ಹೇಳಲಿ? ಪ್ರತಿ ಸಲ ಎರಡೇ ತಿಂಗಳಿಗೆ ಬರಿದಾದ ಒಡಲು ಇದು. ಬಟ್ಟೆ ಹೋದರೆ ಇದೂ ಹೋಗುತ್ತದೆ ಎನ್ನಿಸಿತು. ಯಾರ ಪುಣ್ಯವೋ ಯಾರ ಶಾಪವೋ, ನನಗೆ ಬೇಕಾಗಿತ್ತು. ಅದಕ್ಕೇ ಖಾದಿಗೆ ಬಣ್ಣ ಹಾಕಿದೆ. ನಿನಗೆ ಸುಳ್ಳು ಬರೆದೆ, ಮತ್ತೆ ಅದೇ ದಿನ ಬಂದರೆ ಅದನ್ನೇ ಬರೆಯುತ್ತೇನೆ.

ನಿಜದ ಬಟ್ಟೆಯನ್ನು ಓಣಿಯ ಗುಲ್ಜಾರಬಿಗೆ ಕೊಟ್ಟು ಕೂಸಿನ ತಲೆಗೆ ಕುಂಚಿಗಿ ಹೊಲಿಯಲು ಹೇಳಿದೆ. ಆಕೆ ಮಷೀನು ನಿಲ್ಲಿಸಿ, “ಹುಟ್ಟೂಕಿನ್ನ ಮೊದಲ ಹೊಲೀಬಾರದ್ರಿ ಬಾಯಾರ, ನಿಮ್ಮಾಗೂ ಇಲ್ಲ, ನಮ್ಮಾಗೂ ಇಲ್ಲ. ಮತ್ತ ಈ ಅರಿವಿ ಒಣಗೂದ ಇಲ್ಲ, ಸೂಜಿ ಜಂಗ ಹಿಡೀತೈತಿ” ಅಂದಳು. ನಾನು ಹಟ ಮಾಡಿದೆ. ಕುಂಚಿಗಿ ಆದ ದಿನ ನಾನೂ ಅವಳನ್ನು ಕಂಡೆ. ನಡುಮನೆಯ ಮೂಲೆಯಲ್ಲಿ, ಖಾಲಿ ತೊಟ್ಟಿಲ ಹತ್ತಿರ, ಮೊಣಕಾಲು ಮಡಚಿ ಕೂತಿದ್ದಳು. ಕೂದಲಿನಿಂದ ನೀರು ಇಳಿಯುತ್ತಿತ್ತು. ಮಡಿಲಲ್ಲಿ ನಾನು ನಿನಗೆ ಕೊಟ್ಟ ಹಸಿರು ಖಣ. ಋತು, ನಾನು ಚೀರಲಿಲ್ಲ. ನನಗಿಂತ ಸಣ್ಣವಳು.

ಏಳನೇ ತಿಂಗಳಿಗೆ ಸೀಮಂತದ ಕುಬಸ ಮಾಡಿ ಬಾಣಂತನಕ್ಕೆ ಒಯ್ಯಲು ನನ್ನವ್ವ ಗರಗದಿಂದ ಗಾಡಿ ಮಾಡಿಕೊಂಡು ಬಂದಳು. ಹೊಸ್ತಿಲಿಗೆ ಕಾಲಿಟ್ಟೆ, ಸೆರಗು ಹಿಡಿದು ಹಿಂದೆ ಜಗ್ಗಿದಂತಾಗಿ ಹೊಟ್ಟೆಯಲ್ಲಿ ಕತ್ತಿ ಆಡಿದಂಥ ನೋವು. ಒಳಗೆ ಬಂದೆ, ನೋವಿಲ್ಲ. ಮತ್ತೆ ಹೊಸ್ತಿಲು, ಮತ್ತೆ ಅದೇ. ಅವ್ವ ನನ್ನ ಮುಖ ನೋಡಿದಳು, ತನ್ನ ಗಂಟು ಇಳಿಸಿ ಇಲ್ಲೇ ಉಳಿದಳು. ದವಾಖಾನೆಗೂ ಹೋಗಲಾಗಲಿಲ್ಲ. ಮಟಮಟ ಮಧ್ಯಾಹ್ನ ನಡುಮನೆಯಲ್ಲೇ ಹೆತ್ತೆ, ಗುಲ್ಜಾರಬಿ ಮತ್ತು ಅವ್ವ ಇಬ್ಬರೇ. ಕೂಸು ಅತ್ತಾಗ ಮೂಲೆಯಿಂದಲೂ ಒಂದು ಅಳು ಬಂತು. ಗುಲ್ಜಾರಬಿ ಆ ಕಡೆ ನೋಡಿ, ಸೆರಗು ತಲೆಯ ಮೇಲೆ ಎಳೆದುಕೊಂಡು ತನ್ನ ದೇವರ ಹೆಸರು ಹೇಳಿದಳು.

ಅವಳು ಕೂಸಿಗೆ ಏನೂ ಮಾಡುವುದಿಲ್ಲ. ನಾನು ನಿದ್ದೆ ಹೋದರೆ ತೂಗುತ್ತಾಳೆ. ಹನಮೇಶ ಮೂಲೆ ನೋಡಿ ಕೇಕೆ ಹಾಕಿ ನಗುತ್ತಾನೆ. ಅವನ ಮೈ ಮಾತ್ರ ಸದಾ ತಣ್ಣಗೆ. ನಿಮ್ಮವ್ವನಿಗೆ ಏನೂ ತಿಳಿಯದು, “ಆ ಹೆಣ್ಣಮಗಳು ಛಲೋ ಅದಾಳ ನೋಡು, ಪಗಾರಿಲ್ಲದ ಕೂಸು ನೋಡ್ಕೋತಾಳ” ಎನ್ನುತ್ತಾರೆ.

ಕೂಸಿಗೆ ಕೆರೆ ತೋರಿಸುವ ಶಾಸ್ತ್ರದ ದಿನ ಬಂತು. ಕುಂಚಿಗಿ ತೊಡಿಸಿ, ಎತ್ತಿಕೊಂಡು ಹೊಸ್ತಿಲು ದಾಟಿದೆ. ಅವನ ಉಸಿರು ನಿಂತಿತು. ತುಟಿ ನೀಲಿಯಾಯಿತು. ಹಿಂದೆ ಬಂದೆ, ಅತ್ತ. ನಿಮ್ಮಣ್ಣ, “ಹುಚ್ಚಿ ಏನ, ತಾ ಇಲ್ಲೆ” ಎಂದು ಕಸಿದುಕೊಂಡು ಅಂಗಳಕ್ಕೆ ಓಡಿದರು. ಆಮೇಲೆ ಅವರು ಓಡಿ ಒಳಗೆ ಬಂದದ್ದನ್ನು ನಾನು ಬರೆಯಲಾರೆ. ಕುಂಚಿಗಿ ತೆಗೆದು ನೋಡಿದೆವು, ಅದೇ. ಈಗ ಅವರು ಎರಡೆರಡು ಪಾಳಿ ಮಾಡುತ್ತಾರೆ. ಇಂಜೆಕ್ಷನ್ ಮಾಡಲು ನರ್ಸಬಾಯಿ ಮನೆಗೇ ಬರುತ್ತಾಳೆ.

ಕೂಸು ಹುಟ್ಟಿದ ಮೇಲೆ ಬಟ್ಟೆ ಬೇಕಾಗುವುದಿಲ್ಲ ಎಂದು ನೀನು ಬರೆದಿದ್ದೆ. ಖರೇ. ಕುಂಚಿಗಿ ಈಗ ಒಣಗಿದೆ, ಬೇಕಾದರೆ ಕಳಿಸುತ್ತೇನೆ.

ಅವಳನ್ನು ಬೈಯಬೇಡ. ನಿನ್ನನ್ನೂ ಬೈದುಕೊಳ್ಳಬೇಡ. ಉಡಿ ತುಂಬಿಸಿಕೊಂಡ ಹೆಣ್ಣುಮಗಳು ಒಮ್ಮೆ ತವರಿಗೆ ಬರುವವಳೇ. ನಮ್ಮ ಮನೆಯವರೇ ಕರೆದದ್ದು, ನಮ್ಮ ಮನೆಯವರೇ ಒಳಗೆ ಬಾ ಅಂದದ್ದು. ಕಣ್ಣ ಮುಂದೆ ಕೂಸನ್ನು ಒಯ್ದದ್ದನ್ನು ಒಮ್ಮೆ ಕಂಡವಳು, ಇನ್ನೊಮ್ಮೆ ಹೇಗೆ ಬಿಟ್ಟಾಳು? ಅವಳ ಜಾಗದಲ್ಲಿ ನಾನಿದ್ದರೆ ನಾನೂ ಬಿಡುತ್ತಿರಲಿಲ್ಲ.

ಬರುವ ಏಪ್ರಿಲಿನಲ್ಲಿ ರಜೆ ಸಿಕ್ಕ ಮೇಲೆ ಬಾ. ನಿನ್ನ ಅಳಿಯನನ್ನು ಎತ್ತಿಕೋ, ಮುದ್ದಿಡು. ಹೊರಡುವಾಗ ಮಾತ್ರ ಹೊಸ್ತಿಲ ಮೇಲೆ ನಿಂತು ಹಿಂದಿರುಗಿ ಎರಡೂ ಅಂಗೈ ತೋರಿಸಿ ಹೋಗು. ಗುಲ್ಜಾರಬಿ ತೋರಿಸುತ್ತಾಳೆ, ನರ್ಸಬಾಯಿಗೆ ಹೇಳಿಕೊಟ್ಟಿದ್ದೇನೆ, ಹಾಲಿನವನಿಗೂ ರೂಢಿಯಾಗಿದೆ. ನನ್ನ ರಜೆ ಮುಗಿದು ಸಾಲಿ ಶುರುವಾಯಿತು. ಬೆಳಿಗ್ಗೆ ಮೊಲೆಯೂಡಿಸಿ ತೊಟ್ಟಿಲಿಗೆ ಹಾಕುತ್ತೇನೆ, ಅವನು ನನ್ನ ಸೆರಗು ಹಿಡಿದು ಎತ್ತಿಕೋ ಎಂದು ಕೈ ಚಾಚುತ್ತಾನೆ.

ಗುಡಿಯಿಂದ ಬರಿಗೈಲೆ ಬರಬಾರದೆಂದು ನೀನು ತಂದೆ. ನಾನು ನನ್ನ ಮನೆಯಿಂದ ದಿನಾ ಬರಿಗೈ ತೋರಿಸಿ ಹೋಗುತ್ತೇನೆ.

ನಿನ್ನ ವೈನಿ